ನಮ್ಮ ಬಿಸಿಲು ಹೋಗಲಿ ಎಂದು ನಾವೇ ತಟ್ಟಿದ ಚಪ್ಪಾಳೆ

ಯಾನಾಗಿಮಾಚಿ ಪೇಟೆಬೀದಿಯಲ್ಲಿ ಈಗ ಬೆಳಗಾದರೆ ಮೇಲೇಳುವ ಶಟರ್‌ಗಳಿಗಿಂತ ಏಳದ ಶಟರ್‌ಗಳೇ ಹೆಚ್ಚು. ಹಾಗಂತ ಊರೇನೂ ಸೊರಗಿಲ್ಲ. ಹೆದ್ದಾರಿಯ ಕಡೆ ಹೋಗಿ ನೋಡಿ, ಸಾಲು ಸಾಲು ಹೊಸ ಮನೆಗಳು, ಮೈದಾನದಷ್ಟು ಕಾರು ನಿಲ್ಲುವ ಮಾಲ್‌ಗಳು. ಹೊಟ್ಟೆ ಒಣಗಿ ಕೈಕಾಲು ಮಾತ್ರ ಬೆಳೆದ ಮಗುವಿನ ಹಾಗಿದೆ ಈ ಊರು. ಬೀದಿಯ ಟೋಫು ಅಂಗಡಿ ಮುಚ್ಚಿತು, ಚಪ್ಪಲಿ ಅಂಗಡಿ ಮುಚ್ಚಿತು, ದಕ್ಷಿಣದ ತುದಿಯಲ್ಲಿದ್ದ ಐದು ಮಹಡಿಯ ದೊಡ್ಡ ಬಟ್ಟೆ ಮಳಿಗೆಗೂ ಬೀಗ ಬಿತ್ತು.

ಉಳಿದುಕೊಂಡವರಲ್ಲಿ ಸುಮಿಯೆಯೂ ಒಬ್ಬಳು. ಗಂಡ ಇವಾವೊ ಜೊತೆ ಒಣಮೀನಿನ ಅಂಗಡಿ ನಡೆಸುತ್ತಾಳೆ. ಬಂಗಡೆಯನ್ನು ಸೀಳಿ, ಉಪ್ಪುನೀರಿನಲ್ಲಿ ಅದ್ದಿ, ಹಿತ್ತಿಲಿನ ಜಾಲರಿಯ ಮೇಲೆ ಹರಡುವುದಷ್ಟೇ ಅವರ ಕೆಲಸ. ಉಳಿದದ್ದನ್ನು ಚಳಿಗಾಲದ ಬಿಸಿಲು, ಗಾಳಿ ನೋಡಿಕೊಳ್ಳುತ್ತವೆ. ಹೆದ್ದಾರಿಯಾಚೆಯ ಜನ ಕೂಡ ಈ ಮೀನಿಗಾಗಿ ಕಾರು ಹತ್ತಿ ಬರುತ್ತಾರೆ.

ಹೀಗಿರುವಾಗ ಹಳೇ ಪೇಟೆಗೆ ಮತ್ತೆ ಜೀವ ತುಂಬುತ್ತೇವೆ ಎಂದು ನಗರಸಭೆ ಸಾರಿತು. ಸುಮಿಯೆಗಿಂತ ಹೆಚ್ಚು ಸಂತೋಷ ಯಾರಿಗಾಗಬೇಕು? ಅದಕ್ಕಾಗಿ ವರ್ತಕರ ಸಂಘ ಕರೆದ ಸಭೆಗೆ ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಸಾಲಿನಲ್ಲೇ ಕೂತಳು.

ಕಟ್ಟಡ ಕಟ್ಟುವ ಕಂಪನಿಯಿಂದ ಬಂದಿದ್ದ ಯುವಕ ನಡು ಬಗ್ಗಿಸಿ ನಮಸ್ಕರಿಸಿ, ಗೋಡೆಯ ಮೇಲೆ ಚಿತ್ರಗಳನ್ನು ತೋರಿಸಿದ. ಮುಚ್ಚಿದ ಮಳಿಗೆಯ ಜಾಗದಲ್ಲಿ ಮನೆಗಳೇ ತುಂಬಿದ ಮೂವತ್ತು ಮಹಡಿಯ ಗಾಜಿನ ಗೋಪುರ. ಅದರ ಕೆಳಗೆ ನಾಯಿ ಹಿಡಿದುಕೊಂಡು ನಗುನಗುತ್ತಾ ಓಡಾಡುವ ಜನ. "ರೈಲಿನಲ್ಲಿ ಹೋಗೋರಿಗೆ ದೂರದಿಂದಲೇ ಕಾಣುತ್ತೆ. ನಿಮ್ಮ ಊರಿಗೆ ಒಂದು ಮುಖ ಅಂತ ಬರುತ್ತೆ" ಎಂದ. ವರ್ತಕರ ಸಂಘದ ಅಧ್ಯಕ್ಷ ಮಿಜೊಕಾಮಿ ಎದ್ದು ನಿಂತು, "ಆಕ್ಷೇಪ ಇಲ್ಲದಿದ್ದರೆ ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪಿಗೆ ಕೊಡಬೇಕು" ಎಂದರು.

ಇಲ್ಲಿಯ ಸಭೆಗಳ ಪದ್ಧತಿಯೇ ಅಂಥದ್ದು. ಬೇಕು ಬೇಡ ಎಂಬ ಮಾತನ್ನು ಸಭೆಯಲ್ಲಿ ಯಾರೂ ಎತ್ತುವುದಿಲ್ಲ. ಅದೇನಿದ್ದರೂ ಆಮೇಲೆ, ಬೀದಿಯವರೆಲ್ಲ ಸೇರುವ ಸಾರ್ವಜನಿಕ ಸ್ನಾನದ ಮನೆಯಲ್ಲಿ, ಬಿಸಿನೀರಿನ ತೊಟ್ಟಿಯೊಳಗೆ ಕುತ್ತಿಗೆವರೆಗೆ ಮುಳುಗಿಕೊಂಡು. ಸಭೆಯಲ್ಲಿ ಮಾತ್ರ ಹೆಚ್ಚುಕಡಿಮೆ ಎಲ್ಲರೂ ಪಟಪಟ ಚಪ್ಪಾಳೆ ತಟ್ಟಿದರು. ಸುಮಿಯೆಯೂ ತಟ್ಟಿದಳು.

ಮರುದಿನ ಅವಳು ಮೀನು ಹರಡುತ್ತಿದ್ದಾಗ ಎದುರುಮನೆಯ ಕಿಯೊ ಪೊರಕೆ ಹಿಡಿದೇ ಹಿತ್ತಿಲಿಗೆ ಬಂದಳು. ಕಿಯೊದು ಹಾಸಿಗೆ ಅಂಗಡಿ. ಸಭೆಯಲ್ಲಿ ಕೈ ಕಟ್ಟಿಕೊಂಡು ಕೂತಿದ್ದವಳು ಅವಳೊಬ್ಬಳೇ.

"ಅಲ್ಲಾ ಸುಮಿಯೆ-ಸಾನ್, ನೀವೂ ಚಪ್ಪಾಳೆ ತಟ್ಟೋದಾ?"

"ತಟ್ಟದೆ ಏನ್ ಮಾಡ್ಲಿ ಕಿಯೊ-ಸಾನ್? ಪಾಪ, ಆ ಹುಡುಗ ಅಷ್ಟೊತ್ತು ನಿಂತ್ಕೊಂಡು ವಿವರಿಸ್ದ. ಸುಮ್ನೆ ಕೂತ್ರೆ ಮರ್ಯಾದೆ ಇರತ್ತಾ?"

"ಅವನು ಮನೆಗೆ ಹೋಗಿ ಉಂಡು ಮಲಗ್ದ. ನಿಮ್ಮ ಮೀನಿನ ಗತಿ ಏನು?" ಕಿಯೊ ಪೊರಕೆಯನ್ನು ದಕ್ಷಿಣಕ್ಕೆ ಚಾಚಿದಳು. "ಐದು ಮಹಡಿಗೇ ಡಿಸೆಂಬರಲ್ಲಿ ನೆರಳು ನಿಮ್ಮ ಬೇಲಿವರೆಗೆ ಬರತ್ತೆ. ಇನ್ನು ಮೂವತ್ತು ಮಹಡಿದು ಎಲ್ಲಿವರೆಗೆ ಬರಬಹುದು? ನೀವೇ ಹೇಳಿ."

ಸುಮಿಯೆ ಬೇಲಿಯನ್ನು ನೋಡಿದಳು, ಜಾಲರಿಯನ್ನು ನೋಡಿದಳು. ಕೈಯಲ್ಲಿದ್ದ ಬಂಗಡೆ ಕೈಯಲ್ಲೇ ಉಳಿಯಿತು. ಅಂಗಡಿ ನಡೆಯುವುದೇ ಚಳಿಗಾಲದ ನಾಲ್ಕು ತಿಂಗಳ ಬಿಸಿಲಿನಿಂದ. ಆ ಬಿಸಿಲಿಗೆ ಗೋಡೆ ಕಟ್ಟುವ ಚಿತ್ರ ತೋರಿಸಿದರೆ ತಾನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ ಬಂದಿದ್ದೇನೆ! ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ತಂಗಿ ಊರಲ್ಲೂ ಇದೇ ಕಥೆ" ಎಂದಳು ಕಿಯೊ. "ಗೋಪುರ ಎದ್ದಿತು. ಅಲ್ಲಿರೋರು ನೆಲಮಾಳಿಗೇಲಿ ಕಾರು ಹತ್ತಿ ಸೀದಾ ಮಾಲ್‌ಗೆ ಹೋಗ್ತಾರೆ. ಬೀದಿಗೆ ಒಬ್ಬ ಇಳಿಯಲ್ಲ. ಪೇಟೆಗೆ ಜೀವ ಬರಲಿ, ಯಾರು ಬೇಡ ಅಂತಾರೆ? ಅಂಗಡಿ ಮೇಲೆ ಮನೆ ಮಾಡ್ಲಿ, ಖಾಲಿ ಶಟರ್‌ಗಳನ್ನ ಹೊಸಬರಿಗೆ ಕೊಡ್ಲಿ. ಎತ್ತರದ್ದೇ ಬೇಕಾದ್ರೆ ಉತ್ತರಕ್ಕೆ ರೈಲು ಹಳಿ ಪಕ್ಕ ಖಾಲಿ ಜಾಗ ಬಿದ್ದಿದೆ. ನೆರಳು ಹಳಿ ಮೇಲೆ ಬೀಳತ್ತೆ, ಯಾರ ಗಂಟು ಹೋಗತ್ತೆ?"

ಒಳಗಿಂದ ಇವಾವೊ ಗೊಣಗಿದ. "ದೊಡ್ಡೋರು ಮಾಡಿ ಮುಗಿಸಿದ ಮೇಲೆ ನಿಮ್ಮಿಬ್ಬರದೇನು? ಚಪ್ಪಾಳೆ ಬೇರೆ ಆಗಿದೆ. ಈಗ ಬಾಯಿ ತೆಗೆದ್ರೆ ಊರು ಉದ್ಧಾರ ಆಗೋದಕ್ಕೆ ಅಡ್ಡಗಾಲು ಹಾಕೋರು ಅಂತಾರೆ. ಮೀನು ಒಣಗಿಸೋ ಮಿಷನ್ ತಂದ್ರಾಯ್ತು ಬಿಡೇ."

"ಮಿಷನ್ ಮೀನು ನೀವು ತಿಂತೀರಾ?" ಸುಮಿಯೆ ಸಿಡಿದಳು. "ಹೋದ್ಸಲ ಮಾಲ್‌ನಿಂದ ತಂದಿದ್ದನ್ನ ರಬ್ಬರ್ ಅಂತ ಬೆಕ್ಕಿಗೆ ಎಸೆದೋರು ಯಾರ್ರೀ?"

ಕಿಯೊ ಸಮಾಧಾನದಿಂದ ತಿಳಿಸಿ ಹೇಳಿದಳು. ಸಂಘದ ಚಪ್ಪಾಳೆ ಸಂಘದ್ದು ಮಾತ್ರ, ಅದರಿಂದ ಯೋಜನೆ ಕಾಯಂ ಆಗುವುದಿಲ್ಲ. ಅಂತಿಮ ಮಾಡುವ ಮೊದಲು ನಗರಸಭೆ ನಕ್ಷೆಯನ್ನು ಎರಡು ವಾರ ಸಾರ್ವಜನಿಕರ ಮುಂದೆ ಇಡಲೇಬೇಕು. ಊರಿನ ಯಾರು ಬೇಕಾದರೂ ಹೋಗಿ ನೋಡಬಹುದು, ನೆರಳು ಎಲ್ಲಿ ಬೀಳುತ್ತದೆ ಎಂಬ ನಕ್ಷೆಯನ್ನು ಕೇಳಬಹುದು, ತಮ್ಮ ಅಭಿಪ್ರಾಯ ಬರೆದು ಕೊಡಬಹುದು. ಆ ಎರಡು ವಾರ ನಡೆಯುತ್ತಿರುವುದು ಈಗಲೇ.

ಅಂದೇ ಸುಮಿಯೆ ಗಂಡನನ್ನು ಎಳೆದುಕೊಂಡು ನಗರಸಭೆಗೆ ಹೋದಳು. ಅಲ್ಲಿದ್ದ ಅಧಿಕಾರಿ ವಿನಯಕ್ಕೇನೂ ಕಡಿಮೆ ಮಾಡಲಿಲ್ಲ. "ನಿಮ್ಮ ಬೀದಿಯವರೆಲ್ಲ ಒಕ್ಕೊರಲಿನಿಂದ ಒಪ್ಪಿದ್ದೀರಲ್ಲ, ಬಹಳ ಸಂತೋಷ" ಎಂದು ನೆರಳಿನ ನಕ್ಷೆಯನ್ನು ಬಿಡಿಸಿಟ್ಟ.

"ಇದರಲ್ಲಿ ನಮ್ಮ ಮನೆ ಎಲ್ಲಿ?" ಇವಾವೊ ಕೇಳಿದ.

ಅಧಿಕಾರಿ ಬೆರಳಿಟ್ಟದ್ದು ಕಪ್ಪು ಬಳಿದ ಜಾಗದ ನಟ್ಟನಡುವೆ. "ಚಳಿಗಾಲದಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಸ್ವಲ್ಪ ನೆರಳಿರುತ್ತೆ. ನಿಯಮದ ಪ್ರಕಾರವೇ ಇದೆ."

ಹುಟ್ಟಿದಾಗಿನಿಂದ ಸರ್ಕಾರಿ ಕಚೇರಿಯಲ್ಲಿ ದನಿ ಎತ್ತಿದವನಲ್ಲ ಇವಾವೊ. ಅವನ ಕಿವಿ ಕೆಂಪಾಯಿತು. "ಸ್ವಲ್ಪವಾ? ನಮ್ಮಪ್ಪನ ಕಾಲದಿಂದ ಮೀನು ಒಣಗಿರೋ ಹಿತ್ತಿಲು ಸ್ವಾಮಿ ಅದು! ಕಪ್ಪು ಬಳಿಯೋಕೆ ಮುಂಚೆ ಅಲ್ಲಿ ಮನುಷ್ಯರಿದ್ದಾರಾ ಅಂತ ಒಬ್ಬರಾದ್ರೂ ಬಂದು ನೋಡಿದ್ರಾ?"

ಅಧಿಕಾರಿ ಅಭಿಪ್ರಾಯ ಬರೆಯುವ ಹಾಳೆಯನ್ನು ಅವರ ಮುಂದೆ ಸರಿಸಿದ. ಗಂಡ ಹೆಂಡತಿ ಅಲ್ಲೇ ಕೂತು ಅಭಿಪ್ರಾಯ ಬರೆದು ಕೊಟ್ಟರು. ಸಂಜೆ ಇವಾವೊ ಸ್ನಾನದ ಮನೆಗೆ ಹೋದಾಗ, ತೊಟ್ಟಿಯಲ್ಲಿದ್ದವರು ಎಂದಿನಂತೆ ಗೋಪುರವನ್ನು ಬಯ್ಯುತ್ತಿದ್ದರು. ‘ಸಾಕೆ’ ಎಂಬ ಅಕ್ಕಿಮದ್ಯ ಮಾರುವವನಿಗೆ ಗೋಪುರದ ಮಳೆನೀರು ತನ್ನ ನೆಲಮಾಳಿಗೆಗೆ ನುಗ್ಗುವ ಭಯ, ಕ್ಷೌರದವನಿಗೆ ಬಾಡಿಗೆ ಏರುವ ಭಯ. ಇವಾವೊ ತೊಟ್ಟಿಯ ಅಂಚಿನಲ್ಲಿ ನಿಂತೇ ಗುಡುಗಿದ:

"ನೀರಲ್ಲಿ ಕೂತು ಗೊಣಗಿದ್ದು ಸಾಕು ಕಣ್ರೋ! ಇಲ್ಲಿ ನಿಮ್ಮ ಮಾತು ಕೇಳ್ತಿರೋದು ಬಾಯ್ಲರ್ ಒಂದೇ. ನಾಳೆ ಬಟ್ಟೆ ಹಾಕ್ಕೊಂಡು ನಗರಸಭೆಗೆ ಬಂದು ಇದನ್ನೇ ಬರೆದುಕೊಡಿ."

ಮೊದಲು ನಕ್ಕರು, ಆಮೇಲೆ ಬಂದರು. ಒಬ್ಬರ ಹಿಂದೆ ಒಬ್ಬರು ಬರೆದುಕೊಟ್ಟದ್ದು ಎಷ್ಟಾಯಿತೆಂದರೆ, ನಗರಸಭೆ ಮತ್ತೊಂದು ಸಭೆ ಕರೆಯಬೇಕಾಯಿತು.

ಅದೇ ಯುವಕ, ಅದೇ ಚಿತ್ರ. ಈ ಸಲ ಸುಮಿಯೆ ಎದ್ದು ನಿಂತಳು.

"ಈ ಚಿತ್ರದಲ್ಲಿ ಇಷ್ಟು ಜನ ನಗ್ತಾ ಓಡಾಡ್ತಿದ್ದಾರಲ್ಲ, ಇವರಲ್ಲಿ ನಾನು ಯಾರು? ಕಿಯೊ-ಸಾನ್ ಯಾರು? ಹಾಸಿಗೆ ಅಂಗಡಿ ಎಲ್ಲಿ, ನನ್ನ ಮೀನು ಎಲ್ಲಿ? ನಾವಿಲ್ಲದ ಪೇಟೆಗೆ ಜೀವ ತುಂಬಿ ಯಾರಿಗೆ ಕೊಡ್ತೀರಿ? ರೈಲಲ್ಲಿ ಹೋಗೋರ ಕಣ್ಣಿಗೆ ಚೆಂದ ಕಾಣ್ಲಿ ಅಂತ ಇಲ್ಲಿರೋರು ಕತ್ತಲಲ್ಲಿ ಕೂರಬೇಕಾ?"

ಯುವಕ ಚಿತ್ರವನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. "ಕ್ಷಮಿಸಿ. ನಾನು ನಿಮ್ಮ ಹಿತ್ತಿಲಿಗೆ ಬಂದೇ ಇಲ್ಲ" ಎಂದ. ಮಿಜೊಕಾಮಿ ತಲೆ ತಗ್ಗಿಸಿ ಕೂತರು. ಅವರ ಪಾತ್ರೆ ಅಂಗಡಿಯೂ ಆ ಕಪ್ಪಿನೊಳಗೇ ಇತ್ತು, ನಕ್ಷೆಯನ್ನು ಅವರೂ ಕೇಳಿರಲಿಲ್ಲ.

ಗೋಪುರ ಬೇಡ ಎಂದೇನೂ ಆಗಲಿಲ್ಲ. ನಕ್ಷೆ ಹಿಂದಕ್ಕೆ ಹೋಗಿದೆ. ಎತ್ತರದ ಕಟ್ಟಡವನ್ನು ಉತ್ತರಕ್ಕೆ ಸರಿಸಿ, ಬೀದಿಯ ಕಡೆ ಮೂರು ಮಹಡಿ ಮೀರದಂತೆ ಹೊಸದಾಗಿ ಬರೆಯುತ್ತೇವೆ ಎಂದು ಕಂಪನಿ ಹೇಳಿದೆ. ಬರೆದದ್ದನ್ನು ನೋಡದೆ ನಂಬಲು ಸುಮಿಯೆ ಈಗ ತಯಾರಿಲ್ಲ. ಹೊಸ ನಕ್ಷೆ ಬಂದ ದಿನವೇ ಹೋಗಿ ನೋಡುವುದು ಇವಾವೊನ ಪಾಲಿನ ಕೆಲಸ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನ ಹಳೇ ಪೇಟೆಗೂ ಇವತ್ತಲ್ಲ ನಾಳೆ ಒಂದು ಚೆಂದದ ಚಿತ್ರ ಬರುತ್ತದೆ. ಬಂದಾಗ ಹೋಗಿ ನೋಡಿ. ನೆರಳು ಎಲ್ಲಿ ಬೀಳುತ್ತದೆ, ಮಳೆನೀರು ಎಲ್ಲಿ ಹರಿಯುತ್ತದೆ, ಬಾಡಿಗೆ ಎಷ್ಟಾಗುತ್ತದೆ ಎಂದು ಬಾಯಿ ಬಿಟ್ಟು ಕೇಳಿ. ಹೇಳುವುದನ್ನು ಬರೆದು ಕೊಡಿ, ಗಡುವಿನೊಳಗೇ ಕೊಡಿ. ಕೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಕೇಳದೆ ಸುಮ್ಮನಿದ್ದರೆ ಮನೆ ಮುಂದಿನ ಬಿಸಿಲು ಹೋಗುತ್ತದೆ, ಆಮೇಲೆ ಎಷ್ಟು ಬಯ್ದರೂ ಅದು ವಾಪಸು ಬರುವುದಿಲ್ಲ.