ಇಕ್ಕಳದ ತುದಿಯ ಹೊಗೆ

ಇಕ್ಕಳದಲ್ಲಿ ಹಿಡಿದ ಪ್ಲಾಸ್ಟಿಕ್ ಚೂರಿಗೆ ಲೈಟರ್ ತಾಗಿಸಿ, ಉರಿಯನ್ನು ಉಫ್ ಎಂದು ಆರಿಸಿ, ಹೊಗೆಯನ್ನು ಮೂಸಿ, "ಡಬ್ಬದ ಮಾಲೇ, ಹಾಕಿ" ಎಂದಳು ಮೂಗಿನ ರಾಣಿ.

ಹಳೇ ಪ್ಲಾಸ್ಟಿಕ್ ಕರಗಿಸುವ ಆ ಶೆಡ್ಡಿನಲ್ಲಿ ಅವಳಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಡಬ್ಬದ ಚೂರು ಸುಟ್ಟರೆ ಮೇಣದ ವಾಸನೆ, ಪೈಪಿನದಾದರೆ ಗಂಟಲು ಕೆರೆಯುವ ಘಾಟು. ಪೈಪಿನ ಮಾಲು ಮೆಷಿನ್ನಿಗೆ ಬಿದ್ದರೆ ಚಿಮಣಿಯ ವಿಷದ ಹೊಗೆ ಹಿಂದಿನ ಓಣಿಯ ಮನೆಮನೆಗೂ ನುಗ್ಗುತ್ತದೆ. ಆ ಓಣಿಯಲ್ಲೇ ಅವಳ ಮನೆ, ಮನೆಯಲ್ಲಿ ಮಗಳ ಹಸುಗೂಸು. ಇಷ್ಟು ವರ್ಷ ಓಣಿಯನ್ನು ಕಾಪಾಡಿದ್ದು ತನ್ನ ಮೂಗೇ ಎಂಬ ಜಂಬ ಅವಳಿಗಿತ್ತು. ಸಿಟ್ಟೂ ಅದೇ ಮೂಗಿನ ತುದಿಯಲ್ಲಿರುತ್ತಿತ್ತು.

ಆದರೆ ಹೊಗೆ ಕುಡಿದು ಕುಡಿದು ಆ ಮೂಗು ಯಾವಾಗಲೋ ಕೈಕೊಟ್ಟಿತ್ತು. ಅವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಪೈಪಿನ ಚೂರಿನ ಉರಿಗೆ ಹಸಿರು ಅಂಚಿರುತ್ತದೆ. ಅದನ್ನು ನೋಡಿಕೊಂಡು, ಮೂಸಿದಂತೆ ನಟಿಸಿ ದಿನ ದೂಡುತ್ತಿದ್ದಳು. ಇವತ್ತು ರಿಪೇರಿಗೆಂದು ಮಾಡಿನ ತಗಡು ತೆಗೆದಿದ್ದರು. ಸುಡುಬಿಸಿಲು ನೇರ ಉರಿಯ ಮೇಲೆ ಬಿದ್ದು ಹಸಿರು ಕಾಣಲೇ ಇಲ್ಲ.

ಮೆಷಿನ್ ನಡೆಸುವವಳು ಅವಳ ಮಗಳು. ಆಚೆ ತುದಿಯಲ್ಲಿ ಚೀಲ ಎತ್ತಿದವಳು, ಹೊಗೆಯ ಘಾಟು ಮೂಗಿಗೆ ಬಡಿದು, ತಟ್ಟನೆ ಕೆಳಗಿಟ್ಟು ಸ್ವಿಚ್ ಆರಿಸಿದಳು.

"ಅಮ್ಮ, ಇದು ಪೈಪಿಂದು. ನಾನು ಹಾಕಲ್ಲ."

ರಾಣಿಯ ಮಾತಿಗೆ ಅಲ್ಲಿ ಯಾರೂ ಎದುರಾಡಿದವರಲ್ಲ. ಮಾಲೀಕ ಓಡಿಬಂದು, ನಿಮ್ಮಮ್ಮ ಹೇಳಿದ ಮೇಲೆ ನಿನ್ನದೇನು, ಸುಮ್ಮನೆ ಹಾಕು ಎಂದು ಗದರಿದ. ಸ್ವಿಚ್ಚಿನ ಮೇಲಿದ್ದ ಮಗಳ ಕೈ ಕದಲಲಿಲ್ಲ. ಯಾರೇ ಹೇಳಲಿ, ಘಾಟು ಬಂದರೆ ನಿಲ್ಲಿಸು ಎಂದು ಬೈದು ಬೈದು ಕಲಿಸಿದವಳು ತಾನೇ ಅಲ್ಲವೇ? ತಾಯಿಗೆ ಮೊದಲು ನಾಚಿಕೆಯಾಯಿತು. ಅದರ ಹಿಂದೆಯೇ ಎದೆ ತುಂಬಿ ಬಂತು.

"ಅವಳು ಹೇಳಿದ್ದೇ ಸರಿ" ಎಂದಳು. "ನನಗೆ ವಾಸನೆ ಹತ್ತದೆ ವರ್ಷವಾಯ್ತು."

ಹಾಗಾದರೆ ಇನ್ನು ಮಾಲು ನೋಡುವವರು ಯಾರು, ನಿನ್ನ ಮೂಗೇ ಹೋದಮೇಲೆ, ಎಂದು ಮಾಲೀಕ ತಲೆಯ ಮೇಲೆ ಕೈಹೊತ್ತ.

"ಎಲ್ಲಿ ಹೋಗಿದೆ? ಅಲ್ಲೇ ಮೆಷಿನ್ ಹತ್ರ ನಿಂತಿದೆ ನೋಡಿ."

ಇಕ್ಕಳವನ್ನು ಮಗಳ ಕೈಗಿಟ್ಟಳು. ನನ್ನ ಹಾಗೆ ಹತ್ತಿರ ಹಿಡಿಯಬೇಡ, ನಿನಗೆ ದೂರದಿಂದಲೇ ಗೊತ್ತಾಗುತ್ತದೆ ಎಂದು ಗದರುವುದನ್ನು ಮಾತ್ರ ಬಿಡಲಿಲ್ಲ.

ಆಮೇಲೆ ಓಣಿಗೆ ಹೋಗಿ, ಪಕ್ಕದ ಮನೆಯವಳ ಕೈಯಿಂದ ಕೂಸನ್ನು ಎತ್ತಿಕೊಂಡು ಜಗಲಿಯ ಮೇಲೆ ಕೂತಳು. ಹಗ್ಗದ ಮೇಲೆ ಬಟ್ಟೆಗಳು ಬೆಳ್ಳಗೆ ಒಣಗುತ್ತಿದ್ದವು. ಕೂಸಿನ ನೆತ್ತಿಗೆ ಮೂಗಿಟ್ಟು ಉಸಿರೆಳೆದಳು. ಏನೂ ತಿಳಿಯಲಿಲ್ಲ. ಇನ್ನೊಮ್ಮೆ ಎಳೆದಳು.