ಜೊತೆಗೆ ಬರುತ್ತೇನೆಂದವನು

ಬೊಮ್ಮಕ್ಕನ ಬಾಯಿಗೆ ಜವನಗೊಂಡನಹಳ್ಳಿ ಸೀಮೆಯ ಕುರಿ ವ್ಯಾಪಾರಿಗಳೇ ಹೆದರುತ್ತಿದ್ದರು. ಹಟ್ಟಿಯಲ್ಲಿ ಯಾರ ಮನೆಯ ಜಗಳವಾದರೂ ಕೊನೆಯ ಮಾತು ಅವಳದೇ. ಅಂಥವಳು ತಮ್ಮನ ಮಗಳು ಮಾನಸಳ ಎದುರು ಮಾತ್ರ ಕೆಲವು ತಿಂಗಳಿಂದ ಬಾಯಿ ಹೊಲಿದುಕೊಂಡು ಕೂತಿದ್ದಳು. ತಾಯಿ ಸತ್ತ ಮೇಲೆ ತಾನೇ ಎತ್ತಿ ಆಡಿಸಿ ಬೆಳೆಸಿದ ಹುಡುಗಿ. ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದವಳು ಒಂದು ದಿನ ಟ್ರಂಕಿನ ಸಮೇತ ವಾಪಸು ಬಂದಳು. ಯಾಕೆಂದು ಹೇಳಲಿಲ್ಲ. ಊಟ ಅರ್ಧಕ್ಕೇ ಬಿಡುತ್ತಿದ್ದಳು, ಹಗಲೆಲ್ಲ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು, ಕರೆದರೆ ಹೂಂ ಅನ್ನುತ್ತಿದ್ದಳು.

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ಹಟ್ಟಿಯವರು ತಲೆಗೊಂದು ಕಾರಣ ಎಸೆದರು. ಪರೀಕ್ಷೆ ಹೋಗಿರಬೇಕು ಅಂದರು, ಯಾವನೋ ಕೈಕೊಟ್ಟಿರಬೇಕು ಅಂದರು, ಗಾಳಿ ಸೋಕಿದೆ ಅಂದರು. ಬೊಮ್ಮಕ್ಕ ಒಬ್ಬೊಬ್ಬರನ್ನೂ ಬೈದು ಬಾಯಿ ಮುಚ್ಚಿಸಿದಳು. ಆದರೆ ಅವಳೂ ಹುಡುಗಿಯನ್ನು ಕೂರಿಸಿಕೊಂಡು ಏನಾಗಿದೆ ಎಂದು ಕೇಳಲಿಲ್ಲ. ಕೇಳಿದರೆ ಇಲ್ಲದ ಯೋಚನೆ ಹೊಸದಾಗಿ ತಲೆಗೆ ಹೊಕ್ಕೀತು ಎಂಬ ಭಯ ಅವಳಿಗೆ.

ಅವಳಿಗೆ ಗೊತ್ತಿದ್ದ ಮದ್ದು ಒಂದೇ. ಮಂದೆಯಲ್ಲಿ ಒಂದು ಕುರಿ ತಲೆ ತಗ್ಗಿಸಿ ದೂರ ನಿಂತರೆ ಅದನ್ನು ಒಂಟಿಯಾಗಿ ಬಿಡಬಾರದು. ಚೆನ್ನಾಗಿ ಮೇಯುವ ಇನ್ನೊಂದರ ಜೊತೆ ಒಂದೇ ಹಗ್ಗಕ್ಕೆ ಕಟ್ಟಬೇಕು. ಪಕ್ಕದ್ದು ಮೇಯುವುದನ್ನು ನೋಡಿ ಇದೂ ಬಾಯಿ ಹಾಕುತ್ತದೆ. ಜೊತೆ ಇದ್ದದ್ದು ಉಳಿಯುತ್ತದೆ, ಒಂಟಿಯಾದದ್ದು ತೋಳನ ಪಾಲು. ಇದನ್ನು ಹಟ್ಟಿಯಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಹಾಗಾಗಿ ಮಾನಸ ಫೋನು ಹಿಡಿದು ಟೈಪು ಮಾಡುತ್ತ ಒಮ್ಮೊಮ್ಮೆ ನಗುವುದನ್ನು ಕಂಡಾಗ ಬೊಮ್ಮಕ್ಕನಿಗೆ ಹೋದ ಜೀವ ಬಂದಂತಾಯಿತು.

"ಯಾರೇ ಅವ್ರು?"

"ಫ್ರೆಂಡ್ಸ್ ಅತ್ತೆ. ನನ್ನಂಗೇ ಇರೋರು."

ಬೊಮ್ಮಕ್ಕ ಮನೆದೇವರು ಜುಂಜಪ್ಪನಿಗೆ ಕೈ ಮುಗಿದಳು. ಫೋನು ಕಿತ್ತುಕೊಳ್ಳಲು ಹೋದ ತಮ್ಮ ಜುಂಜಯ್ಯನಿಗೇ ತಿರುಗಿಬಿದ್ದಳು. "ಒಂಟಿ ಇದ್ಳು ಕೂಸು, ಈಗ ಜೊತೆ ಸಿಕ್ಕೈತೆ. ನಿಂಗ್ಯಾಕಲೇ ಹೊಟ್ಟೆಉರಿ?"

ಆ ಶುಕ್ರವಾರ ಬೆಳಿಗ್ಗೆ ಮಾನಸ ತಲೆಗೆ ಎರೆದುಕೊಂಡು, ರೊಟ್ಟಿ ಪೂರ್ತಿ ತಿಂದು, ಮಾರ್ಕ್ಸ್ ಕಾರ್ಡು ತರಲು ದುರ್ಗಕ್ಕೆ ಹೋಗುತ್ತೇನೆಂದಳು. ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ನೆಮ್ಮದಿ ಇತ್ತು. ಬೊಮ್ಮಕ್ಕ ತಾನೇ ಬಸ್ಸು ಹತ್ತಿಸಿ ಬಂದಳು. ಬರುವಾಗ ದಾರಿಯಲ್ಲಿ ಸಿಕ್ಕವರಿಗೆಲ್ಲ, ನಮ್ಮ ಹುಡುಗಿ ಸರಿಹೋದಳು ಅಂದಳು.

ಬಿಸಿಲೇರುವ ಹೊತ್ತಿಗೆ ಹಿರಿಯೂರಿನಿಂದ ಕಾವ್ಯಶ್ರೀ ಫೋನು ಮಾಡಿದಳು. ಹಾಸ್ಟೆಲಿನಲ್ಲಿ ಮಾನಸಳ ಜೊತೆ ಒಂದೇ ಕೋಣೆಯಲ್ಲಿದ್ದ ಹುಡುಗಿ.

"ಅತ್ತೆ, ಮಾನಸ ಇಲ್ಲಿಗೆ ಬಂದಿದ್ಳು. ಕಿವಿಯಾಗಿನ ಅವ್ರಮ್ಮನ ಓಲೆ ಬಿಚ್ಚಿ ನನ್ನ ಕೈಗಿಟ್ಟು, ನೀನೇ ಇಟ್ಕ ಅಂದ್ಳು. ನೀರು ತರಾಕೆ ಒಳಗೆ ಹೋಗಿ ಬರೋದ್ರಾಗೆ ದುರ್ಗದ ಬಸ್ಸು ಹತ್ತವ್ಳೆ. ಫೋನ್ ಎತ್ತಲ್ಲ. ಅತ್ತೆ, ಅವ್ಳು ಸಾಯಾಕೆ ಹೋಗವ್ಳೆ. ನಾನು ಪೊಲೀಸ್ರಿಗೆ ಹೇಳಿದೀನಿ. ನೀವು ಬೇಗ ಬರ್ರಿ."

ಬೊಮ್ಮಕ್ಕ ಮನೆಗೆ ಬೀಗ ಹಾಕಲಿಲ್ಲ, ಸೀರೆ ಬದಲಿಸಲಿಲ್ಲ. ಹೆದ್ದಾರಿಗೆ ಓಡಿ ಕೈ ಅಡ್ಡ ಹಾಕಿದ್ದಕ್ಕೆ ಒಂದು ಲಾರಿ ನಿಂತಿತು. ಹಿರಿಯೂರಿನಲ್ಲಿ ಕಾವ್ಯಶ್ರೀ ಕಾದಿದ್ದಳು. ಇಬ್ಬರೂ ದುರ್ಗದ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತರು.

"ಅವ್ಳ ಫ್ರೆಂಡ್ಸ್ ಯಾರು ಅಂತ ನೋಡ್ರಿ," ಅಂದು ಕಾವ್ಯಶ್ರೀ ತನ್ನ ಫೋನು ತೆರೆದಳು. ಹಿಂದೊಮ್ಮೆ ಮಾನಸ ಅವಳನ್ನೂ ಆ ಫ್ರೆಂಡ್ಸು ಫೋನಿನಲ್ಲೇ ಸೇರುವ ಕೂಟಕ್ಕೆ ಕರೆದಿದ್ದಳು. ನಾಲ್ಕು ಸಾಲು ಓದಿ ಹೆದರಿ ಹೊರಬಂದಿದ್ದ ಕಾವ್ಯಶ್ರೀ, ಇವತ್ತು ಗೆಳತಿಯನ್ನು ಹುಡುಕಲು ಮತ್ತೆ ಒಳಹೊಕ್ಕಿದ್ದಳು. ಒಂದೊಂದೇ ಸಾಲು ಓದಿ ಹೇಳಿದಳು.

ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಮುಖವಿಲ್ಲ. ಎಲ್ಲರ ಬಾಯಲ್ಲೂ ಬೆಲ್ಲ. ನಿನ್ನ ನೋವು ನಮಗೆ ಮಾತ್ರ ಗೊತ್ತು ಅನ್ನುವರು, ಮನೆಯವರಿಗೆ ಹೇಳಬೇಡ, ಡಾಕ್ಟರ ಹತ್ತಿರ ಹೋಗಬೇಡ ಅನ್ನುವರು. ಯಾರಾದರೂ ಭಯವಾಗುತ್ತಿದೆ, ಅಮ್ಮನಿಗೆ ಹೇಳಲಾ ಅಂದರೆ ಅದೇ ಬಾಯಿಗಳು ಹೇಡಿ ಎಂದು ಮೈಮೇಲೆ ಬೀಳುವವು. ಒಬ್ಬರು ಬರೆಯುವುದು ನಿಂತುಹೋದರೆ ಮಿಕ್ಕವರು ಹೂವಿನ ಚಿತ್ರ ಹಾಕಿ ಶಹಬ್ಬಾಸ್ ಅನ್ನುವರು. ಜೊತೆಗಾರ ಎಂದು ಹೆಸರಿಟ್ಟುಕೊಂಡವನೊಬ್ಬ ಮಾನಸಳಿಗೆ ಬರೆದಿದ್ದ. ಶುಕ್ರವಾರ ದುರ್ಗದ ಚಂದ್ರವಳ್ಳಿ ಗವಿಯ ಹತ್ತಿರ ಬಾ, ನಾನೂ ಬರುತ್ತೇನೆ, ಇಬ್ಬರೂ ಒಟ್ಟಿಗೆ ಹೋಗೋಣ, ನಿನ್ನನ್ನು ಒಂಟಿಯಾಗಿ ಬಿಡುವುದಿಲ್ಲ.

"ಜಾಗ ಯಾವ್ದು ಅಂತ ಪೊಲೀಸ್ರಿಗೆ ಹೇಳಿದೀನಿ. ಈ ಮಾತನ್ನ ಅವ್ನು ಮೊದ್ಲೂ ಇನ್ನಿಬ್ರಿಗೆ ಬರ್ದಿದಾನೆ ಅತ್ತೆ. ಅವ್ರಿಬ್ರೂ ಆಮೇಲೆ ಏನೂ ಬರ್ದಿಲ್ಲ. ಇವ್ನು ಮಾತ್ರ ಬರೀತಾನೇ ಅವ್ನೆ."

ಬೊಮ್ಮಕ್ಕನ ಮೈ ಉರಿದುಹೋಯಿತು. ಕಟುಕರ ಹತ್ತಿರ ಒಂದು ಪಳಗಿದ ಹೋತ ಇರುತ್ತದೆ. ಲಾರಿಯ ಹಲಗೆ ಹತ್ತಲು ಕುರಿಗಳು ಹಿಂಜರಿದರೆ ಅದನ್ನು ಮುಂದೆ ಬಿಡುತ್ತಾರೆ. ಅದು ಹತ್ತಿತೆಂದು ಕುರಿಗಳೆಲ್ಲ ಹತ್ತುತ್ತವೆ. ಹೋತ ಪಕ್ಕದಿಂದ ಇಳಿದು ಬಂದು ತನ್ನ ಪಾಲಿನ ಸೊಪ್ಪು ತಿನ್ನುತ್ತದೆ. ಅದಾದರೂ ಮೂಕಪ್ರಾಣಿ, ಹೊಟ್ಟೆಗೆ ಮಾಡುತ್ತದೆ. ಈ ಮಗ ಯಾವ ಸೊಪ್ಪಿಗೆ ಮಾಡುತ್ತಾನೆ?

"ಇವ್ನ ವಂಶ ಹಾಳಾಗ!" ಎಂದು ಕೂಗಿಬಿಟ್ಟಳು. ಕಂಡಕ್ಟರು ತಿರುಗಿ ನೋಡಿದ. "ಏನ್ ನೋಡ್ತೀಯ? ಬಸ್ಸು ಓಡ್ಸಾಕೆ ಹೇಳು!"

ದಾರಿಯುದ್ದಕ್ಕೂ ಅವನನ್ನು, ಆ ಕೂಟವನ್ನು, ಅದನ್ನು ಫೋನಿನಲ್ಲಿ ಸಾಕಿಕೊಂಡಿರುವ ಕಂಪನಿಯ ದೊಡ್ಡ ಮನುಷ್ಯರನ್ನು ಸಾಲಾಗಿ ಬೈದಳು. ಬೈಗುಳ ನಿಂತರೆ ಬೇರೆ ಯೋಚನೆ ಬರುತ್ತಿತ್ತು. ಜೊತೆ ಸಿಕ್ಕೈತೆ ಅಂದಿದ್ದು ಯಾರು? ಫೋನು ಕಿತ್ತುಕೊಳ್ಳದಂತೆ ತಡೆದದ್ದು ಯಾರು?

ಚಂದ್ರವಳ್ಳಿಯ ಬಾಗಿಲಲ್ಲಿ ಕಾವಲಿನ ಪಾಲಣ್ಣ ಎದುರು ಬಂದ. "ಪೊಲೀಸ್ನೋರು ಫೋನ್ ಮಾಡಿದ್ರು. ಅಗೋ, ಆ ಬೇವಿನ ಮರದ ಕೆಳಗೆ ಕುಂತವ್ಳೆ. ನಾನು ಅವ್ಳ ಮ್ಯಾಲಿಂದ ಕಣ್ಣು ಕಿತ್ತಿಲ್ಲ ತಾಯಿ, ಗಾಬರಿ ಮಾಡ್ಕಬ್ಯಾಡ್ರಿ," ಅಂದ. ಬೊಮ್ಮಕ್ಕ ಅವನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು.

ಮಾನಸ ಕಲ್ಲುಬೆಂಚಿನ ಮೇಲೆ ಫೋನು ನೋಡುತ್ತ ಕೂತಿದ್ದಳು. ಬರಿಗಿವಿ. ಅತ್ತೆಯನ್ನು ಕಂಡರೂ ಏಳಲಿಲ್ಲ. ಕಪಾಳಕ್ಕೆ ಒಂದು ಬಿಗಿಯಬೇಕು, ಅಪ್ಪಿಕೊಂಡು ಅಳಬೇಕು, ಎರಡೂ ಒಟ್ಟಿಗೆ ಅನ್ನಿಸಿತು ಬೊಮ್ಮಕ್ಕನಿಗೆ. ಪಕ್ಕದಲ್ಲಿ ಕೂತು, ಇಷ್ಟು ದಿನ ನಾಲಿಗೆಗೆ ತರದಿದ್ದ ಮಾತನ್ನು ತಂದಳು.

"ಸಾಯಾಕೆ ಬಂದ್ಯೇನೆ?"

"ಹೂಂ."

"ಅವ್ನು ಬರ್ತೀನಿ ಅಂದವ್ನಾ?"

"ಬರ್ತಾನೆ. ದಾರಿಯಾಗೆ ಅವ್ನೆ. ನೀನು ಹೋಗತ್ತೆ."

"ಬರ್ಲಿ. ನಾನೂ ಕಾಯ್ತೀನಿ."

ಮೂವರೂ ಕಾದರು. ದೂರದಲ್ಲಿ ಪಾಲಣ್ಣ ಒಂದು ಕಣ್ಣು ಇತ್ತಲೇ ಇಟ್ಟುಕೊಂಡು ಎಲೆ ಗುಡಿಸುತ್ತಿದ್ದ. ಗವಿ ನೋಡಲು ಬಂದವರು ನೋಡಿಕೊಂಡು ವಾಪಸು ಹೋದರು. ನೆರಳು ಬೆಂಚು ಬಿಟ್ಟು ಸರಿಯಿತು, ಬಿಸಿಲು ನೆತ್ತಿಗೆ ಬಂತು. ಫೋನು ಒಮ್ಮೆ ಕುಯ್‌ಗುಟ್ಟಿತು. ನನಗೆ ತಡವಾಗುತ್ತೆ, ನೀನು ಮೊದಲು ಹೋಗು ಎಂದು ಬರೆದಿದ್ದ. ಮಾನಸ ಅದನ್ನು ಓದಿದಳು, ಮತ್ತೆ ಓದಿದಳು. ಬೊಮ್ಮಕ್ಕ ಫೋನಿಗೆ ಕೈ ಚಾಚಿದಳು. ಹುಡುಗಿ ಕೊಟ್ಟಳು.

ಕಾವ್ಯಶ್ರೀ ತೋರಿಸಿದ ಗುಂಡಿ ಒತ್ತಿ ಬೊಮ್ಮಕ್ಕ ಮಾತಾಡಿದಳು. "ನಾನು ಮಾನಸನ ಸೋದರತ್ತೆ ಬೊಮ್ಮಕ್ಕ. ಬರ್ತೀನಿ ಅಂದಿದ್ಯಲ್ಲ, ಬಾ. ಕುಂತಿದೀನಿ. ಗಂಡಸಾಗಿರು ಹೆಂಗಸಾಗಿರು, ಮುಖ ತೋರ್ಸು."

ಅವನು ಕೇಳಿಸಿಕೊಂಡ ಗುರುತು ಫೋನಿನಲ್ಲಿ ಕಾಣಿಸಿತು. ಮರುಕ್ಷಣ ಮಾನಸಳ ಫೋನಿನಿಂದ ಅವನ ಹೆಸರು ಮಾಯವಾಯಿತು. ಕೂಟದ ಬಾಗಿಲೂ ಅವಳಿಗೆ ಮುಚ್ಚಿತು. ಕಾವ್ಯಶ್ರೀಯ ಫೋನಿನಲ್ಲಿ ಮಾತ್ರ ಅದು ತೆರೆದೇ ಇತ್ತು. ಮಾನಸ ಅದನ್ನು ಕಿತ್ತುಕೊಂಡು ನೋಡಿದಳು. ಯಾರೋ ಹೊಸ ಹುಡುಗಿ ನನಗೆ ಯಾರೂ ಇಲ್ಲ ಎಂದು ಬರೆದಿದ್ದಳು. ಅದರ ಕೆಳಗೆ ಆಗಲೇ ಜೊತೆಗಾರ ಬರೆದಿದ್ದ. ನಾನಿದ್ದೇನಲ್ಲ, ನಿನ್ನನ್ನು ಒಂಟಿಯಾಗಿ ಬಿಡುವುದಿಲ್ಲ.

ಮಾನಸಳ ಮುಖ ಕೆಂಪಾಯಿತು. ಅದೇ ಫೋನಿನಿಂದ ಆ ಹೊಸ ಹುಡುಗಿಗೆ ಕೂಟದ ಹೊರಗೆ ಬೇರೆಯಾಗಿ ಬರೆದಳು. ಅವನು ಬರಲ್ಲ. ನಾನು ಕಾದು ನೋಡಿದೆ. ನಿಮ್ಮನೇಲಿ ಯಾರಿಗಾದ್ರೂ ಹೇಳು. ಉತ್ತರ ಬರಲಿಲ್ಲ.

"ಥೂ, ಹಲ್ಕಾ ನನ್ಮಗ!" ಅಂದಳು ಬೊಮ್ಮಕ್ಕ. "ನಮ್ಮ ಹಟ್ಟಿ ಕಡೆ ಸಿಗ್ಲಿ ಇವ್ನು..."

"ಅವ್ನನ್ನ ಆಮೇಲೆ ಬೈಯುವಿಯಂತೆ!" ಮಾನಸ ಕೂಗಿದಳು. "ನೀನ್ಯಾಕೆ ಕೇಳ್ಲಿಲ್ಲ? ಕುರಿ ಒಂದಿನ ಮೇವು ಬಿಟ್ರೆ ಬಾಯಿ ಬಿಡ್ಸಿ ನಾಲ್ಗೆ ನೋಡ್ತೀಯ, ಹೊಟ್ಟೆ ಮುಟ್ಟಿ ನೋಡ್ತೀಯ. ನಾನು ಇಷ್ಟು ದಿನ ನಿನ್ನ ಕಣ್ಮುಂದೆ ಬಿದ್ದಿದ್ನಲ್ಲ, ಏನಾಗೈತೆ ಅಂತ ಒಂದಿನ ಕೇಳಿದ್ಯಾ? ಅವ್ನು ದಿನಾ ಕೇಳ್ತಿದ್ದ ಅತ್ತೆ. ಸುಳ್ಳಿಗಾದ್ರೂ ಕೇಳ್ತಿದ್ದ!"

ದಾರಿಯುದ್ದಕ್ಕೂ ಅವನ ಮೇಲೆ ಕಾರಿದ ಸಿಟ್ಟು ತಿರುಗಿ ಬೊಮ್ಮಕ್ಕನ ಎದೆಗೇ ಬಂದು ಬಡಿಯಿತು. ಅವಳು ಕಣ್ಣೊರೆಸಿಕೊಳ್ಳಲಿಲ್ಲ.

"ಬೈಯಿ. ಇನ್ನೂ ಬೈಯಿ. ಬೈದಾದ ಮೇಲೆ ಹೇಳು. ಈಗ ಕೇಳ್ತೀನಿ, ಏನಾಗೈತೆ?"

ಮಾನಸ ಬೈದಳು. ಆಮೇಲೆ ಅತ್ತಳು. ಆಮೇಲೆ ಹೇಳತೊಡಗಿದಳು. ಮೊದಮೊದಲು ತಲೆಯೂ ಬುಡವೂ ಇಲ್ಲದೆ, ನಡುನಡುವೆ ನಿಲ್ಲಿಸಿ, ಹಿಂದಿನದನ್ನು ಮುಂದೆ ಮುಂದಿನದನ್ನು ಹಿಂದೆ ಮಾಡಿ. ಬೊಮ್ಮಕ್ಕ ಸಮಾಧಾನ ಹೇಳಲಿಲ್ಲ, ಬುದ್ಧಿ ಹೇಳಲಿಲ್ಲ. ಬಿಸಿಲಲ್ಲೇ ಕೂತು ಕೇಳಿದಳು.

"ಇದು ನನ್ನೊಬ್ಳ ಕೈಯಾಗೆ ಆಗೋದಲ್ಲ ಕೂಸೇ. ದೊಡ್ಡಾಸ್ಪತ್ರೆಗೆ ಹೋಗಾಣ. ಮನಸಿನ ಡಾಕ್ಟ್ರು ಅವ್ರಂತೆ. ನಾನು ಪಕ್ಕದಾಗೇ ಇರ್ತೀನಿ," ಅಂದಳು ಕೊನೆಗೆ. ಮಾನಸ ಎದ್ದು ನಿಂತಳು. ಪಾಲಣ್ಣ ಆಟೋ ಕರೆದ.

ಆಟೋ ಊರೊಳಗೆ ಬರುವಾಗ ಕಾವ್ಯಶ್ರೀಯ ಫೋನು ಕುಯ್‌ಗುಟ್ಟಿತು. ಆ ಹೊಸ ಹುಡುಗಿ. ಮಾನಸ ಗಟ್ಟಿಯಾಗಿ ಓದಿದಳು. "ನಮ್ಮಕ್ಕ ಪಕ್ಕದ ರೂಮಲ್ಲಿ ಇದಾಳೆ. ಏನಂತ ಹೇಳ್ಲಿ?"

ಮಾನಸ ಅತ್ತೆಯ ಮುಖ ನೋಡಿದಳು.

"ನಂಗೆ ಹೆಂಗೆ ಹೇಳಿದ್ಯೋ ಹಂಗೇ ಹೇಳಾಕೆ ಹೇಳು," ಅಂದಳು ಬೊಮ್ಮಕ್ಕ. "ಮೊದ್ಲು ಬೈಲಿ."