ಹನ್ನೆರಡು ಸರದಿಯ ಚಹಾ

ಪ್ರಾಂತ್ಯ ಕೆಂಪಾದ ವಾರವೇ ಕುಲಾಶಳ ಮೊಮ್ಮಗಳು ಎದ್ದು ನಿಂತಳು.

ಶು ನದಿಯ ದಂಡೆಯಲ್ಲಿರುವ ನಮ್ಮ ಹಳ್ಳಿಯಲ್ಲಿ ಆ ವರ್ಷ ಜನ ಟೀವಿಯಲ್ಲಿ ಮಳೆ ಬಿಸಿಲಿನ ಸುದ್ದಿ ಬಿಟ್ಟು ಬಣ್ಣದ ಸುದ್ದಿ ಕೇಳುತ್ತಿದ್ದರು. ಸೋಂಕು ಎಷ್ಟಿದೆ ಎಂದು ಎಣಿಸಿ ಪ್ರಾಂತ್ಯಕ್ಕೊಂದು ಬಣ್ಣ ಕೊಡುತ್ತಿದ್ದರು. ಹಸಿರಿದ್ದರೆ ಮದುವೆ ಮುಂಜಿ ಮಾಡಬಹುದು. ಹಳದಿಯಾದರೆ ಅಂಗಳದಲ್ಲಿ ಸಣ್ಣದೊಂದು ಕೂಟ ಸೇರಿಸಬಹುದು. ಕೆಂಪಾದರೆ ಸಂತೆ ಇಲ್ಲ, ಔತಣದ ಹಾಲ್‌ಗೆ ಬೀಗ, ಪಕ್ಕದ ಪ್ರಾಂತ್ಯಕ್ಕೆ ಹೋಗುವ ದಾರಿಗೆ ಅಡ್ಡಲಾಗಿ ಪೊಲೀಸರು, ಮನೆಯವರನ್ನು ಬಿಟ್ಟು ಒಳಗೆ ಹದಿನೈದು ಜನಕ್ಕಿಂತ ಹೆಚ್ಚು ಸೇರುವಂತಿಲ್ಲ.

ಮೊಮ್ಮಗಳು ಇಂಕಾರ್‌ಗೆ ಹನ್ನೊಂದು ತಿಂಗಳು. ಊಟದ ಗಿಡ್ಡ ಮೇಜಿನ ಕಾಲು ಹಿಡಿದು ಎದ್ದು, ಸುತ್ತ ಒಮ್ಮೆ ನೋಡಿ, ಧೊಪ್ಪನೆ ಕೂತಳು. ಮಗು ಕಾಲ ಮೇಲೆ ನಿಂತಿತೆಂದರೆ ಅದರ ಎರಡೂ ಕಾಲು ಸೇರಿಸಿ ಕಪ್ಪು ಬಿಳಿ ದಾರ ಹೊಸೆದು ಕಟ್ಟಿ, ಚುರುಕು ನಡಿಗೆಯ ಒಳ್ಳೆಯ ಮನುಷ್ಯರೊಬ್ಬರ ಕೈಯಲ್ಲಿ ಕತ್ತರಿ ಹಾಕಿಸಬೇಕು. ಮನೆಯ ಹಿರಿಯರು ಅಂಗೈ ತೆರೆದು ಹರಸಬೇಕು. ಆಮೇಲೆ ಊರಿಗೆಲ್ಲ ಊಟ. ಹೀಗೆ ಮಾಡದಿದ್ದರೆ ಮಗು ಜೀವಮಾನವಿಡೀ ಎಡವುತ್ತದೆ ಎಂಬುದು ಕುಲಾಶಳ ನಂಬಿಕೆ. ಎಡವಿದವರ ಉದಾಹರಣೆಗಳನ್ನೂ ಅವಳು ಹೆಸರು ಸಮೇತ ಕೊಡಬಲ್ಲಳು.

ಮನೆಯ ಹಿರಿಯರು ಎಂದರೆ ಅವಳ ಮಾವ ಸೇಯ್ಲ್‌ಖಾನ್. ಎಂಬತ್ತೆರಡು ವರ್ಷ. ಊರೆಲ್ಲ ಅವರನ್ನು ಕರೆಯುವುದು ‘ಅತಾ’ ಎಂದು, ಅಂದರೆ ತಾತ. ಆ ಚಳಿಗಾಲವಿಡೀ ಅವರ ಎದೆ ಹಳೆಯ ಕದದ ಹಾಗೆ ಕಿರುಗುಟ್ಟುತ್ತಿತ್ತು. ಕುಲಾಶಳಿಗೆ ಇದ್ದ ಭಯ ಅದೊಂದೇ. ಅತಾ ಇರುವಾಗಲೇ ಮಗುವಿಗೆ ಅವರ ಆಶೀರ್ವಾದ ಸಿಗಬೇಕು. ಪ್ರಾಂತ್ಯ ಹಸಿರಾಗಲಿ ಎಂದು ಕಾಯುತ್ತ ಕೂತರೆ ಅವರು ಇರುತ್ತಾರೋ ಇಲ್ಲವೋ.

ಹೀಗಿರುವಾಗ ಒಂದು ಬೆಳಗ್ಗೆ ನರ್ಸ್ ರೌಶಾನ್ ಬಂದಳು. ನಮ್ಮೂರ ಪುಟ್ಟ ಆಸ್ಪತ್ರೆಗೆ ಡಾಕ್ಟರೂ ಅವಳೇ, ಕಂಪೌಂಡರೂ ಅವಳೇ, ಕಸ ಗುಡಿಸುವವಳು ಬಾರದ ದಿನ ಅದೂ ಅವಳೇ. ಕೈಯಲ್ಲಿ ಲಸಿಕೆ ಹಾಕಿಸಬೇಕಾದ, ಅರವತ್ತು ದಾಟಿದವರ ಪಟ್ಟಿ, ಮುಖಕ್ಕೆ ಮಾಸ್ಕ್. ಹೊಸ್ತಿಲಲ್ಲೇ ನಿಂತಳು.

“ಒಳಗೆ ಬಾರೇ, ರೊಟ್ಟಿ ಮುರ್ಕೋ. ಹೊಸ್ತಿಲಲ್ಲಿ ನಿಂತು ಹಾಗೇ ಹೋದ್ರೆ ಮನೆಗೆ ಒಳ್ಳೇದಲ್ಲ,” ಎಂದಳು ಕುಲಾಶ್.

“ಕಿಟಕಿ ತೆಗೆದ್ರೆ ಬರ್ತೀನಿ ಅಕ್ಕಾ.”

“ಹೊರಗೆ ಹಿಮ ಇನ್ನೂ ಕರಗಿಲ್ಲ, ಇವಳಿಗೆ ಕಿಟಕಿ ತೆಗೀಬೇಕಂತೆ! ಬೆಳಗ್ಗೆನೇ ಮನೆ ತುಂಬಾ ಸೊಪ್ಪಿನ ಹೊಗೆ ಹಾಕಿದೀನಿ. ಯಾವ ರೋಗಾನೂ ಒಳಗೆ ಕಾಲಿಡಲ್ಲ.”

“ರೋಗ ಇಡಲ್ವೇನೋ. ಆ ಹೊಗೇಲಿ ಅತಾಗೆ ಕೆಮ್ಮು ಮಾತ್ರ ಚೆನ್ನಾಗಿ ಬರ್ತಿದೆ.”

ಮಗುವಿನ ತಾಯಿ, ಸೊಸೆ ಅಕ್ಮರಾಲ್ ಅತ್ತೆಯ ಮುಖ ನೋಡಿದಳು. ಅಲ್ಲಿ ‘ಬೇಡ’ ಎಂದೇನೂ ಕಾಣದ್ದರಿಂದ ಎದ್ದು ಹೋಗಿ ಕಿಟಕಿ ತೆರೆದಳು. ರೌಶಾನ್ ಒಳಗೆ ಬಂದು ಕಿಟಕಿಯ ಪಕ್ಕ ಕೂತಳು.

“ಒಂದು ಮಾತು ಕೇಳ್ತೀನಿ,” ಕುಲಾಶ್ ಶುರು ಮಾಡಿದಳು. “ನಮ್ಮೂರಲ್ಲಿ ಎಷ್ಟು ಜನಕ್ಕೆ ಬಂದಿದೆ? ನಾಲ್ಕು. ನಾಲ್ಕು ಜನ ಸೀನಿದ್ದಕ್ಕೆ ಇಡೀ ಪ್ರಾಂತ್ಯ ಕೆಂಪು ಬಳ್ಕೋಬೇಕಾ?”

“ನಾಲ್ಕು ಅನ್ನೋದು ಪರೀಕ್ಷೆ ಮಾಡಿಸ್ಕೊಂಡೋರು ಅಕ್ಕಾ. ಮಿಕ್ಕೋರು ಬರೀ ಶೀತ ಅಂದ್ಕೊಂಡು ಕುರಿ ಬಾಲದ ಕೊಬ್ಬು ಕಾಯಿಸಿ ಕುಡೀತಿದಾರೆ. ಅದೂ ಅಲ್ದೆ, ಹೋದ ತಿಂಗಳು ಈ ನಾಲ್ಕು ಒಂದಾಗಿತ್ತು. ಒಬ್ಬರಿಂದ ಇಬ್ಬರಿಗೆ ದಾಟ್ತಾ ಇದ್ರೆ ಅದು ಏರ್ತಾನೇ ಹೋಗುತ್ತೆ. ದಾಟೋಕೆ ಯಾರೂ ಸಿಗ್ಲಿಲ್ಲ ಅಂದ್ರೆ ಅಲ್ಲೇ ಆರಿಹೋಗುತ್ತೆ. ಟೀವಿಯೋರು ಬಣ್ಣ ತೋರಿಸ್ತಾರೆ ಅಷ್ಟೆ. ಬಳಿಯೋರು ನಾವು.”

“ಅದಕ್ಕೇ ನಾನು ಎಲ್ಲಾ ಕಾಯ್ದೆ ಪ್ರಕಾರಾನೇ ಮಾಡ್ತಿರೋದು.” ಕುಲಾಶ್ ಕಪಾಟಿನಿಂದ ಒಂದು ಹಾಳೆ ತೆಗೆದಳು. “ಹದಿನೈದು ಜನ ಅಂತ ತಾನೇ ಅಂದಿರೋದು? ಎಷ್ಟು ಸಲ ಅಂತ ಯಾರೂ ಅಂದಿಲ್ವಲ್ಲ. ಬೆಳಗ್ಗೆ ಏಳಕ್ಕೆ ಮೊದಲನೇ ಸರದಿ. ಗಂಟೆಗೊಂದು. ಒಬ್ಬರು ಆ ಬಾಗಿಲಿಂದ ಹೋಗ್ತಾರೆ, ಇನ್ನೊಬ್ಬರು ಈ ಬಾಗಿಲಿಂದ ಬರ್ತಾರೆ. ಹನ್ನೆರಡು ಸರದಿ, ನೂರ ಎಂಬತ್ತು ಜನ. ಒಬ್ಬ ನೆಂಟನ್ನೂ ಬಿಟ್ಟಂಗಿಲ್ಲ, ಒಂದು ಕಾಯ್ದೆನೂ ಮುರಿದಂಗಿಲ್ಲ.”

ಕುಲಾಶ್ ಊರ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವಳು. ಹಾಳೆಯಲ್ಲಿ ಒಂದು ತಪ್ಪೂ ಇರಲಿಲ್ಲ. ರೌಶಾನ್ ಅವಳ ಹಳೆಯ ವಿದ್ಯಾರ್ಥಿನಿ. ಹಾಳೆಯನ್ನು ಪೂರ್ತಿ ಓದಿ, ಗೌರವದಿಂದಲೇ ಹಿಂದಕ್ಕೆ ಕೊಟ್ಟಳು.

“ಲೆಕ್ಕ ಸರಿಯಾಗಿದೆ ಟೀಚರೇ,” ಎಂದು ಸೊಸೆಯ ಕಡೆ ತಿರುಗಿದಳು. “ಅಕ್ಮರಾಲ್, ಚಹಾ ಯಾರು ಹಾಕ್ತಾರೆ?”

“ನಾನೇ,” ಎಂದಳು ಅಕ್ಮರಾಲ್, ಇದೂ ಒಂದು ಪ್ರಶ್ನೆಯೇ ಎನ್ನುವಂತೆ. ಸೊಸೆಯಿರುವ ಮನೆಯಲ್ಲಿ ಚಹಾದ ನೀರು ಕಾಯಿಸುವ ಸಮೋವರ್‌ನ ಪಕ್ಕ ಬೇರೆ ಯಾರು ಕೂರುತ್ತಾರೆ?

“ಒಬ್ಬೊಬ್ರು ಎಷ್ಟು ಬಟ್ಟಲು ಕುಡೀತಾರೆ?”

“ಕಮ್ಮಿ ಅಂದ್ರೆ ಆರು. ಮಾತು ರುಚಿಯಾಗಿದ್ರೆ ಹತ್ತು.”

“ತುಂಬಾ ಹಾಕಿ ಒಂದೇ ಸಲ ಕೊಟ್ಬಿಡಬಹುದಲ್ಲ?”

“ಏನಂದೆ?” ಕುಲಾಶ್ ಬೆಚ್ಚಿಬಿದ್ದಳು. “ತುಂಬಿ ಕೊಡೋದಾ? ಬಂದೋರ್ನ ಎದ್ದು ನಡೀರಿ ಅಂದಂಗೆ! ತಳದಲ್ಲಿ ಒಂದಿಷ್ಟು ಹಾಕ್ಬೇಕು, ಕುಡಿದ ಹಾಗೇ ಬಟ್ಟಲು ಇವಳ ಕೈಗೆ ಬರ್ಬೇಕು, ಮತ್ತೆ ಹಾಕ್ಬೇಕು. ನಿಮ್ಮಮ್ಮ ನಿಂಗೆ ಏನೂ ಕಲಿಸ್ಲಿಲ್ವಾ?”

“ಕಲಿಸಿದಾಳೆ, ಅದಕ್ಕೇ ಕೇಳ್ತಿದೀನಿ. ಸರಾಸರಿ ಎಂಟು ಬಟ್ಟಲು ಅಂತ ಇಟ್ಕೊಳ್ಳಿ. ನೂರ ಎಂಬತ್ತು ಜನ. ಎಷ್ಟಾಯ್ತು?”

ಲೆಕ್ಕ ಕೇಳಿದರೆ ಉತ್ತರ ಹೇಳದೆ ಇರುವುದು ಕುಲಾಶಳಿಗೆ ಸಾಧ್ಯವಿಲ್ಲ. “ಸಾವಿರದ ನಾನೂರ ನಲವತ್ತು,” ಎಂದಳು.

“ಸಾವಿರದ ನಾನೂರ ನಲವತ್ತು ಸಲ ಯಾರೋ ಬಾಯಿಟ್ಟ ಬಟ್ಟಲು ಇವಳ ಕೈಗೆ ಬರುತ್ತೆ. ಬಟ್ಟಲಿಗಿಂತ ಉಸಿರಿನ ಭಯ ನಂಗೆ ಜಾಸ್ತಿ. ಕೊಡುವಾಗ ಬಗ್ತಾರೆ, ನಗ್ತಾರೆ, ಮಗೂನ ಮುದ್ದು ಮಾಡ್ತಾರೆ. ಸರದಿಯೋರು ಎದ್ದು ಹೋಗ್ತಾರೆ, ಅವರು ಬಿಟ್ಟ ಗಾಳಿ ಎದ್ದು ಹೋಗಲ್ಲ. ಕಿಟಕಿ ಮುಚ್ಚಿದ ಕೋಣೇಲಿ ಬೆಳಗ್ಗೆಯಿಂದ ಸಂಜೆವರೆಗೂ ಅದೇ ಗಾಳೀಲಿ ಕೂರೋಳು ಇವಳೊಬ್ಬಳೇ. ಹನ್ನೆರಡನೇ ಸರದಿ ಎದ್ದ ಮೇಲೆ ಅತಾಗೆ ಚಹಾ ಕೊಡೋರು ಯಾರು?”

“ನಾನೇ,” ಎಂದಳು ಅಕ್ಮರಾಲ್. ಈ ಸಲ ದನಿ ಸಣ್ಣಗಿತ್ತು.

ಕುಲಾಶ್ ಹಾಳೆಯನ್ನು ಮತ್ತೊಮ್ಮೆ ನೋಡಿದಳು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ, ಸರಿಯಾದ ಲೆಕ್ಕವೊಂದು ಅವಳಿಗೆ ತಪ್ಪಾಗಿ ಕಂಡಿತು. ಆದರೂ ಟೀಚರು. ಅಷ್ಟು ಸುಲಭಕ್ಕೆ ಬಿಡುವವಳಲ್ಲ.

“ಹಾಗಾದ್ರೆ ನಿನ್ನ ಸೂಜಿ ಚುಚ್ಚಿಸ್ಕೊಂಡ್ರೆ ಎಲ್ಲಾ ಸರಿಹೋಗ್ಬಿಡುತ್ತಾ? ನಮ್ಮತ್ತಿಗೆ ಫೋನಲ್ಲಿ ಒಂದು ಆಡಿಯೋ ಕಳ್ಸಿದಾಳೆ, ಏಳು ನಿಮಿಷದ್ದು. ಅದ್ರಲ್ಲಿ ಒಬ್ಬ ಡಾಕ್ಟ್ರು ಹೇಳ್ತಾನೆ, ಲಸಿಕೆ ಹಾಕಿಸ್ಕೊಂಡ ಮುದುಕರು ವರ್ಷ ದಾಟಲ್ವಂತೆ.”

“ಯಾವ ಡಾಕ್ಟ್ರು? ಹೆಸರೇನು?”

“ಹೆಸರು ಹೇಳಲ್ಲ.”

“ಏಳು ನಿಮಿಷದಲ್ಲಿ ಹೆಸರು ಹೇಳೋಕೆ ಪುರುಸೊತ್ತಾಗ್ಲಿಲ್ವಾ ಪಾಪ! ನಾನು ನಿಮ್ಮೆದುರಿಗೆ ಕೂತು ಹೇಳ್ತಿದೀನಿ ಅಕ್ಕಾ. ನಾನು ಎರಡೂ ಹಾಕಿಸ್ಕೊಂಡಿದೀನಿ. ತೋಳು ನೋಯ್ತು, ಒಂದು ದಿನ ಜ್ವರ ಬಂತು, ಹೋಯ್ತು. ಒಂದು ಚುಚ್ಚಿದ ಮೂರು ವಾರಕ್ಕೆ ಇನ್ನೊಂದು. ಅದಾಗಿ ಎರಡು ವಾರಕ್ಕೆ ಪೂರ್ತಿ ಬಲ. ಆಮೇಲೆ ರೋಗ ಬರೋದೇ ಇಲ್ಲ ಅಂತ ಸುಳ್ಳು ಹೇಳಲ್ಲ. ಬಂದ್ರೂ ಉಸಿರು ಕಟ್ಟಿ ಆಸ್ಪತ್ರೆ ಸೇರೋ ಭಯ ತುಂಬಾ ಕಮ್ಮಿ. ಸೂಜಿ ಹಾಕೋ ದಿನ ಪಟ್ಟಣದಿಂದ ಡಾಕ್ಟ್ರು ಬರ್ತಾರೆ, ಮೊದಲು ಅತಾ ಎದೆ ನೋಡ್ತಾರೆ. ಬೇಡ ಅನ್ಸಿದ್ರೆ ಅವರೇ ಹಾಕಲ್ಲ.”

“ಬರ್ಕೋ ನನ್ನ ಹೆಸರು,” ಎಂಬ ದನಿ ಮೂಲೆಯಿಂದ ಬಂತು.

ಅತಾ ಕಿವುಡರೆಂದು ಮನೆಯವರೆಲ್ಲ ನಂಬಿದ್ದರು. ಅವರೂ ಆ ನಂಬಿಕೆಯನ್ನು ಕೆಡಿಸಿರಲಿಲ್ಲ.

“ಅತಾ! ನಿಮಗೆ ಕೇಳಿಸ್ತಾ?”

“ಮೂರು ದಿನದಿಂದ ಕೇಳಿಸ್ತಿದೆ. ಹನ್ನೆರಡು ಸರದಿ, ಹನ್ನೆರಡು ಸರದಿ. ಯಾರಾದ್ರೂ ನನ್ನ ಒಂದು ಮಾತು ಕೇಳಿದ್ರಾ?” ಅತಾ ಅಂಗಿಯ ತೋಳು ಮೇಲಕ್ಕೆ ಸರಿಸಿದರು. ಸುಕ್ಕು ಚರ್ಮದಲ್ಲಿ ಗುಂಡಿಯಷ್ಟಗಲದ ಹಳೆಯ ಕಲೆ. “ಯುದ್ಧದ ಕಾಲ. ನಂಗೆ ನಾಲ್ಕೋ ಐದೋ. ಸಿಡುಬಿನ ಲಸಿಕೆ ತಗೊಂಡು ಒಂಟೆ ಮೇಲೆ ಒಬ್ಬ ಹೆಣ್ಮಗಳು ಬಂದ್ಲು. ನಮ್ಮಮ್ಮ ನನ್ನ ಹಿಟ್ಟಿನ ಪೆಟ್ಟಿಗೇಲಿ ಬಚ್ಚಿಟ್ಲು. ಹಿಟ್ಟು ಮೂಗಿಗೆ ಹೋಗಿ ಸೀನಿದೆ, ಸಿಕ್ಕಿಬಿದ್ದೆ.”

ಅಕ್ಮರಾಲ್ ನಕ್ಕುಬಿಟ್ಟಳು, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದಳು.

“ನಗಮ್ಮಾ, ನಗು. ಅಮ್ಮ ಆ ಹುಡುಗೀನ ಬಾಯಿಗೆ ಬಂದಂಗೆ ಬೈದ್ಲು. ಅವಳು ಮರುಮಾತಾಡ್ದೆ ನನ್ನ ತೋಳು ಗೀರಿ, ಒಂಟೆ ಹತ್ತಿ ಹೋದ್ಲು. ಆ ವರ್ಷ ಆಚೆ ಹಳ್ಳೀಲಿ ಎಷ್ಟು ಮಕ್ಕಳು ಹೋದ್ವು! ನಾನು ಉಳಿದೆ. ಮದುವೆಯಾದೆ, ಮಕ್ಕಳನ್ನ ಕಂಡೆ, ಈ ಪುಟ್ಟೀನೂ ಕಂಡೆ. ಅವಳಿಗೆ ಉಪಕಾರ ಆಯ್ತು ತಾಯಿ ಅಂತ ಒಂದು ಮಾತು ಹೇಳೋಕೆ ಆಗ್ಲಿಲ್ಲ.” ಅವರು ಅಂಗಿಯ ತೋಳು ಕೆಳಗಿಳಿಸಿದರು. “ಹೋದ ಬೇಸಿಗೇಲಿ ನನ್ನ ತಮ್ಮ ಹೋದ. ಆಗ ಈ ಲಸಿಕೆ ಇನ್ನೂ ಬಂದಿರ್ಲಿಲ್ಲ. ಒಂದು ಹಿಡಿ ಮಣ್ಣು ಹಾಕೋಕೂ ನನ್ನ ಬಿಡ್ಲಿಲ್ಲ. ಈಗ ಬಾಗಿಲಿಗೇ ಬಂದಿದೆ. ಬೈದು ಕಳಿಸೋಣ ಅಂತೀಯಾ?”

“ಮಗೂಗೆ ನಿಮ್ಮ ಆಶೀರ್ವಾದ...” ಎಂದಳು ಕುಲಾಶ್. ದನಿಯಲ್ಲಿ ಟೀಚರು ಇರಲಿಲ್ಲ.

“ಐದು ವಾರ ತಾನೇ? ಇಟ್ಕೊಂಡಿರ್ತೀನಿ.”

ಔತಣ ರದ್ದಾಯಿತು. ಮುನಿಸಿಕೊಂಡವರು ಇದ್ದರು. ಪೊಲೀಸರ ಕಣ್ಣು ತಪ್ಪಿಸಿ ಬೆಟ್ಟದ ದಾರಿಯಲ್ಲಿ ಬರುವುದಾಗಿ ಪಕ್ಕದ ಪ್ರಾಂತ್ಯದಿಂದ ಫೋನು ಮಾಡಿದ್ದ ಸೋದರಮಾವನಿಗೆ ಕುಲಾಶ್ ತಾನೇ ಹೇಳಿದಳು: “ಬರಬೇಡ. ಬಂದ್ರೆ ಬಾಗಿಲು ತೆಗೆಯಲ್ಲ. ಪ್ರೀತಿಯಿಂದಲೇ ಹೇಳ್ತಿದೀನಿ.”

ಶಾಲೆಯಲ್ಲಿ ಲಸಿಕೆ ಹಾಕುವ ದಿನ ಅವಳು ಅತಾ ಜೊತೆ ಹೋದದ್ದು ಬರೀ ಅವರ ಟೋಪಿ ಹಿಡಿದುಕೊಳ್ಳುವುದಕ್ಕೆ. ಹಾಗೆಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದಳು. ಡಾಕ್ಟರು ಅತಾ ಎದೆಗೆ ಕೊಳವೆಯಿಟ್ಟು ನೋಡಿದರು, ರಕ್ತದೊತ್ತಡ ನೋಡಿದರು, ಹಾಕಬಹುದು ಎಂದರು. ಸೂಜಿ ಚುಚ್ಚಿದ್ದು ಅತಾಗೆ ಗೊತ್ತೇ ಆಗಲಿಲ್ಲ. ಆಯಿತೇ ಎಂದು ಎರಡು ಸಲ ಕೇಳಿದರು. ಆಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಬೇಕು. ಅರವತ್ತು ದಾಟಿದವರ ಪಟ್ಟಿಯಲ್ಲಿ ಕುಲಾಶಳ ಹೆಸರೂ ಇತ್ತು. ರೌಶಾನ್ ಪಟ್ಟಿಯನ್ನು ಅವಳಿಗೆ ಕಾಣುವ ಹಾಗೆ ಹಿಡಿದು, ಆ ಹೆಸರಿನ ಮೇಲೆ ಬೆರಳಿಟ್ಟಳು.

“ಬಂದಿದ್ದು ಬಂದಾಯ್ತು,” ಎಂದು ಕುಲಾಶ್ ಟೋಪಿಯನ್ನು ಮಾವನ ಕೈಗೆ ಕೊಟ್ಟು ತೋಳು ಚಾಚಿದಳು.

ಮರುದಿನ ಅತಾಗೆ ಸ್ವಲ್ಪ ಮೈ ಬಿಸಿಯಾಯಿತು, ಸಂಜೆಗೆ ಇಳಿಯಿತು. ಕುಲಾಶಳಿಗೆ ತೋಳು ನೋವು. ಅದರ ವಿವರವನ್ನು ಅವಳು ಅತ್ತಿಗೆಗೆ ಫೋನಲ್ಲಿ ಕಳಿಸಿದಳು, ತನ್ನ ಹೆಸರು ಹೇಳಿ, ಒಂಬತ್ತು ನಿಮಿಷ.

ಮಗು ಮಾತ್ರ ಯಾವ ಬಣ್ಣಕ್ಕೂ ಕಾಯಲಿಲ್ಲ. ನಾಲ್ಕನೇ ವಾರದಲ್ಲಿ, ದಾರ ಕಟ್ಟುವ ಮೊದಲೇ, ಮೇಜಿನ ಕಾಲು ಬಿಟ್ಟು ಅತಾ ಮೊಣಕಾಲಿನವರೆಗೆ ನಾಲ್ಕು ಹೆಜ್ಜೆ ಇಟ್ಟಿತು. ಕುಲಾಶ್ ಎರಡು ದಿನ ಇದನ್ನು ಊರಿಗೆ ತಿಳಿಯಗೊಡಲಿಲ್ಲ. “ನಡೀಲಿ ಬಿಡು,” ಎಂದರು ಅತಾ, “ದಾರ ಆಮೇಲೆ ಬಂದು ಕಾಲು ಸೇರ್ಕೊಳ್ಳುತ್ತೆ.”

ಎರಡನೇ ಸೂಜಿಯೂ ಆಗಿ ಎರಡು ವಾರ ಕಳೆದವು. ನಮ್ಮಂಥ ಹಲವು ಹಳ್ಳಿಗಳು ಔತಣಗಳನ್ನು ಮುಂದಕ್ಕೆ ಹಾಕಿದ್ದವು. ಸೋಂಕಿನ ಸಂಖ್ಯೆ ಇಳಿಯಿತು, ಪ್ರಾಂತ್ಯ ಹಳದಿಯಾಯಿತು. ಅಂಗಳದ ಏಪ್ರಿಕಾಟ್ ಗಿಡ ಹೂ ಬಿಟ್ಟಿತ್ತು. ಅದರ ಕೆಳಗೆ ಮನೆಯವರು ಮತ್ತು ಪಕ್ಕದ ಮನೆಯ ಮೂವರು ದೂರ ದೂರ ಕೂತರು. ಅವರವರ ಬಟ್ಟಲು ಅವರವರೇ ತಂದಿದ್ದರು. ಬಾಣಲೆಯಿಂದ ಆಗತಾನೆ ತೆಗೆದ ಉಬ್ಬಿದ ಹಿಟ್ಟಿನ ಉಂಡೆ ಬೌರ್ಸಾಕ್‌ಗಳ ವಾಸನೆ ಬೀದಿಯವರೆಗೂ ಹೋಗಿತ್ತು.

ದಾರ ಯಾರು ಕತ್ತರಿಸಬೇಕು? ಕುಲಾಶಳ ಮನಸ್ಸಿನಲ್ಲಿದ್ದವರು ಜಿಲ್ಲಾ ಕಚೇರಿಯ ಒಬ್ಬ ದೊಡ್ಡ ಅಧಿಕಾರಿ.

“ಕಾರು ಬಿಟ್ಟು ಇಳಿಯದೋನ ನಡಿಗೆ ಮಗೂಗ್ಯಾಕೆ?” ಎಂದರು ಅತಾ.

ಕುಲಾಶ್ ಒಂದು ಕ್ಷಣ ಯೋಚಿಸಿದಳು. ಆಮೇಲೆ ಚಪ್ಪಲಿ ಮೆಟ್ಟಿ ಬೀದಿಗೆ ಓಡಿ, ಚೀಲ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ ರೌಶಾನ್‌ಳನ್ನು ಹಿಡಿದಳು.

“ಅಯ್ಯೋ ಅಕ್ಕಾ, ಇನ್ನೂ ಒಂಬತ್ತು ಮನೆ ಇದೆ!”

“ಆ ಅವಸರಾನೇ ನಮಗೆ ಬೇಕಾಗಿರೋದು. ಬಾ.”

ರೌಶಾನ್ ತನ್ನ ಚೀಲದ ಕತ್ತರಿಯಿಂದಲೇ ಕಪ್ಪು ಬಿಳಿ ದಾರವನ್ನು ಕತ್ತರಿಸಿದಳು. ಅತಾ ಅಂಗೈ ತೆರೆದರು. “ನಿನ್ನ ದಾರಿ ತೆರೆದಿರಲಿ, ಕಾಲು ದಣಿಯದಿರಲಿ, ಹೋದ ಮನೆಯೆಲ್ಲ ನಿನ್ನಿಂದ ಒಳ್ಳೆಯದು ಕಾಣಲಿ,” ಎಂದು ಹರಸಿದರು. ಮಗುವನ್ನೋ, ನರ್ಸನ್ನೋ, ಇಬ್ಬರನ್ನೂ ಸೇರಿಸಿಯೋ ಎಂದು ಯಾರೂ ಕೇಳಲಿಲ್ಲ. ಕುಲಾಶ್ ಹೊಸ ಶಾಲನ್ನು ರೌಶಾನ್‌ಳ ಹೆಗಲಿಗೆ ಹಾಕಿದಳು. ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ನೂರ ಎಂಬತ್ತು ನೆಂಟರೂ ಇವತ್ತಿಗೂ ಗಟ್ಟಿಮುಟ್ಟಾಗಿದ್ದಾರೆ. ಊಟ ಬಾಕಿಯಿದೆ ಎಂದು ಸಿಕ್ಕಾಗಲೆಲ್ಲ ನೆನಪಿಸುತ್ತಾರೆ. ನೆನಪಿಸಲಿ.

ಇದನ್ನು ಓದುತ್ತಿರುವವರೇ, ಓದಿಸಿಕೊಂಡು ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಮುಂದಕ್ಕೆ ಹಾಕಲಾಗದಂಥ ಒಂದು ಸಮಾರಂಭ ಇದ್ದೀತು. ಹಾಕಿ ನೋಡಿ, ಅದು ಕಾಯುತ್ತದೆ. ಕೋಣೆಯ ಕಿಟಕಿ ತೆರೆದಿಡಿ. ಕೆಮ್ಮು ಜ್ವರ ಬಂದರೆ ಶೀತವೆಂದು ಮುಚ್ಚಿಡದೆ ಪರೀಕ್ಷೆ ಮಾಡಿಸಿಕೊಳ್ಳಿ. ಮನೆಯ ಹಿರಿಯರ ಹೆಸರನ್ನು ಲಸಿಕೆಗೆ ಇವತ್ತೇ ಬರೆಸಿ, ನಿಮ್ಮ ಸರದಿ ಬಂದಾಗ ನೀವೂ ತೋಳು ಚಾಚಿ, ಎರಡನೆಯ ಸೂಜಿಯನ್ನು ಮರೆಯಬೇಡಿ. ಅನುಮಾನವಿದ್ದರೆ ಬಾಗಿಲಿಗೆ ಬಂದ ನರ್ಸನ್ನೇ ಕೂರಿಸಿ ಕೇಳಿ. ಅವಳಿಗೆ ಹೇಳಬೇಕಾದ ಉಪಕಾರದ ಮಾತನ್ನೂ ಆಗಲೇ ಹೇಳಿಬಿಡಿ. ಅವಳು ಇನ್ನೂ ಎಷ್ಟೋ ಮನೆಗಳಿಗೆ ಹೋಗಬೇಕಾಗಿರುತ್ತದೆ.